ಅತ್ತಿಯವರ ಮೊಣಕಾಲು, ನಮ್ಮ ಗೋಕರ್ಣದ ಪ್ಲ್ಯಾನು

ಗೋಕರ್ಣಕ್ಕ ಹೋಗಿ ಬಂದಾಗಿಂದ ಒಬ್ಬರಾದ ಮ್ಯಾಲೆ ಒಬ್ಬರು ಫೋನ್ ಮಾಡಿ ಕೇಳ್ಳಿಕತ್ತೀರಿ. "ಎಂಬತ್ತರ ಹತ್ರ ಬಂದ ಅತ್ತಿನ್ನ ಕರಕೊಂಡು ಸಮುದ್ರಕ್ಕ ಹೆಂಗ ಹೋದ್ಯವಾ?" ಅಂತ ಹಿಂದಿನ ಓಣಿ ಮಾಮಿ, "ಎಷ್ಟ ಖರ್ಚಾತು?" ಅಂತ ನಮ್ಮ ವೈನಿ, "ಎಲ್ಲೆ ಇಳದಿದ್ರಿ, ನಂಬರ್ ಕಳಸು" ಅಂತ ತಂಗಿ. ಒಬ್ಬೊಬ್ಬರಿಗೂ ಅರ್ಧಾ ತಾಸು ಹೇಳಿ ಹೇಳಿ ನನ್ನ ಗಂಟಲಾ ಕುಂತದ. ಅದಕ್ಕ ಎಲ್ಲಾ ಇಲ್ಲೆ ಬರದು ಇಟ್ಟಬಿಡ್ತೀನಿ. ನಂಬರ್ ಮಾತ್ರ ಬರಿಯಂಗಿಲ್ಲ. ಬೇಕಾದವರು ಮನಿಗೆ ಬಂದು, ಚಾ ಕುಡದು, ತೊಗೊಂಡು ಹೋಗ್ರಿ.

ಮದಲ ನಮ್ಮ ಮಗಾ ಮಾಡಿದ ಪ್ಲ್ಯಾನ್ ಹೇಳ್ತೀನಿ, ಯಾಕಂದ್ರ ಎಲ್ಲಾರ ಮನ್ಯಾಗೂ ಗಂಡಸರು ಮಾಡೂದು ಅಂಥಾದ್ದ. ದೀಪಾವಳಿಗೆ ಪುಣಾದಿಂದ ಬಂದಾಗ ಫೋನಿನ್ಯಾಗ ಒಂದು ಯಾದಿ ತೋರಿಸಿದಾ. ಮದಲನೇ ದಿವಸ ಮುಂಜಾನೆ ಐದಕ್ಕ ಹುಬ್ಬಳ್ಳಿ ಬಿಡೂದು, ಯಲ್ಲಾಪುರದಾಗ ನಾಷ್ಟಾ, ಕಾರವಾರ, ದೇವಬಾಗ, ರಾತ್ರಿಗೆ ಗೋಕರ್ಣ. ಎರಡನೇ ದಿವಸ ಓಂ ಬೀಚು, ಯಾಣ, ಮಿರ್ಜಾನ ಕೋಟಿ, ಹೊನ್ನಾವರದಾಗ ದೋಣಿ, ರಾತ್ರಿ ಮುರ್ಡೇಶ್ವರ. ಮೂರನೇ ದಿವಸ ಇಡಗುಂಜಿ, ಜೋಗ ಮುಗಿಸಿ ನಡರಾತ್ರಿಗೆ ಮನಿ. ಎರಡು ರಾತ್ರಿ, ಎರಡು ಊರು, ಒಂಬತ್ತು ಜಾಗಾ. ಎಲ್ಲೂ ಒಂದು ತಾಸಿಗಿಂತ ಜಾಸ್ತಿ ನಿಂದ್ರೂ ಹಂಗಿಲ್ಲ. ನಾ ಸುಮ್ನ ಕೇಳಿದೆ, "ಇದರಾಗ ನಾವು ಕೂಡೂದು ಯಾವಾಗ?" ಅಂತ. "ಗಾಡ್ಯಾಗ ಕೂತೇ ಇರ್ತೀವೆಲ್ಲ!" ಅಂದಾ.

ಅತ್ತಿಯವರು ಅಲ್ಲೇ ಮೂಲ್ಯಾಗ ಕೂತು ಹೂಬತ್ತಿ ಹೊಸೀಲಿಕತ್ತಿದ್ರು. ಎರಡೂ ಮೊಣಕಾಲು ಹೋಗ್ಯಾವ, ಕೋಲು ಹಿಡದು ದೇವರ ಮನಿಯಿಂದ ಪಡಸಾಲಿಗೆ ಬರೂದೇ ಅವರ ಪ್ರವಾಸ. "ಅಜ್ಜಿಗೆ ಇದೆಲ್ಲಾ ತ್ರಾಸ ಆಗ್ತದ, ಅಕಿನ್ನ ಧಾರವಾಡಕ್ಕ ಅತ್ಯಾನ ಮನ್ಯಾಗ ಬಿಟ್ಟ ಹೋಗೋಣು" ಅಂದಾ ನನ್ನ ಮಗಾ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ, ಅವನಿಗೆ ಅಜ್ಜಿ ಅಂದ್ರ ಜೀವ. ಆದ್ರ ಅವನ ಯಾದಿಯೊಳಗ ಅಕಿ ಹಿಡಸೂದಿಲ್ಲ, ಅದಕ್ಕ ಅಕಿನ್ನ ತಗದಾ. ಯಾದಿ ತಗೀಬೇಕಂತ ಹೊಳೀಲಿಲ್ಲ.

ಅತ್ತಿಯವರು ಬತ್ತಿ ಹೊಸಕೋತನ ಒಂದ ಮಾತು ಕೇಳಿದ್ರು. "ಗೋಕರ್ಣದಾಗ ಗುಡಿಯಿಂದ ಸಮುದ್ರ ಎಷ್ಟ ದೂರ ಅದನೋ?"

ಈ ಪ್ರಶ್ನೆದ ಹಿಂದ ಮೂವತ್ತು ವರ್ಷದ ಕತಿ ಅದ. ನಮ್ಮ ಮಾವನವರು ಹೋದದ್ದು 1994ರಾಗ. ಅಸ್ಥಿ ಗೋಕರ್ಣಕ್ಕ ಒಯ್ಯೂದಂತ ಆತು. ನಮ್ಮ ಕಡೆ ಮಂದಿಗೆ ಗೋಕರ್ಣ ಅಂದ್ರ ಮದಲ ಪಿತೃಕಾರ್ಯ, ಬೀಚು ಗೀಚು ಎಲ್ಲಾ ಈಗಿಂದು. ಗಂಡಸರು ನಾಲ್ಕ ಮಂದಿ ಕೆಂಪು ಬಸ್ಸು ಹತ್ತಿ ಹೋದ್ರು. ಅತ್ತಿಯವರಿಗೆ ಆಗ ಬರೇ ನಲವತ್ತೆಂಟು. ನಾನೂ ಬರ್ತೀನಿ ಅಂತ ಅವರು ಬಾಯಿ ಬಿಟ್ಟು ಕೇಳಿದ್ದಿಲ್ಲ, ಬರ್ತಿಯೇನವಾ ಅಂತ ಅವರನ್ನ ಯಾರೂ ಕೇಳಿದ್ದೂ ಇಲ್ಲ. ಹೆಂಗಸರು ಅಂಥಾದ್ದಕ್ಕ ಹೋಗೂದಿಲ್ಲ ಅನ್ನೂದು ಹೇಳದೇ ಗೊತ್ತಿದ್ದ ಮಾತು. ನಾ ಕೂಸಿನ್ನ ಸೊಂಟದ ಮ್ಯಾಲೆ ಇಟ್ಟಕೊಂಡು ಅಡಗಿ ಮನಿ ಬಾಗಲದಾಗ ನಿಂತಿದ್ದೆ. ಕೆಂಪು ಅರಿವಿ ಕಟ್ಟಿದ ಆ ಗಡಗಿ ಕಟ್ಟಿ ಇಳದು ಹೋಗೂದನ್ನ ಅವರು ಪಡಸಾಲ್ಯಾಗ ಕೂತು ನೋಡಿದ್ರು. ಮೂರನೇ ದಿವಸ ಗಂಡಸರು ತಿರಗಿ ಬಂದು "ಭಾಳ ದೊಡ್ಡದದವಾ ಸಮುದ್ರ, ಆ ದಂಡಿ ಕಾಣಂಗೇ ಇಲ್ಲ" ಅಂದ್ರು. ಅವರು ಕೇಳಿಸಿಕೊಂಡ್ರು, ಅಷ್ಟ.

ಆಮ್ಯಾಲೆ ಅವರು ತಿರುಪತಿಗೆ ಹೋಗಿ ಬಂದ್ರು, ಪಂಢರಪುರ, ಮಂತ್ರಾಲಯ ಎಲ್ಲಾ ಆತು. ಅಲ್ಲೆ ಎಲ್ಲೂ ಸಮುದ್ರ ಇಲ್ಲ. ಹುಬ್ಬಳ್ಳಿಯಿಂದ ಗೋಕರ್ಣ ಸುಮಾರು 150 ಕಿಲೋಮೀಟರು. 78 ವರ್ಷ ಆದ್ರೂ ಅವರು ಸಮುದ್ರ ನೋಡಿದ್ದಿಲ್ಲ.

ಆ ರಾತ್ರಿ ಅವರು ತಮ್ಮ ಟ್ರಂಕಿನ್ಯಾಗಿಂದ ಒಂದು ಪ್ಲ್ಯಾಸ್ಟಿಕ್ ಚೀಲಾ ತಗದು ನನ್ನ ಕೈಯಾಗ ಇಟ್ರು. ಗೃಹಲಕ್ಷ್ಮಿ ರೊಕ್ಕ. ರೇಷನ್ ಕಾರ್ಡಿನ್ಯಾಗ ಮನಿ ಯಜಮಾನಿ ಅವರ ಅಲ್ಲೇನು, 2023ರಾಗ ಯೋಜನಾ ಸುರು ಆದಾಗಿಂದ ತಿಂಗಳಿಗೆ 2,000 ಅವರ ಖಾತೆಕ್ಕ ಬರ್ತಿತ್ತು. ಹತ್ತು ಕಂತು ಮುಟ್ಟದೇ ಇಟ್ಟಿದ್ರು, 20,000. "ನನ್ನ ರೊಕ್ಕದಾಗ ಹೋಗೋಣು. ಪ್ಲ್ಯಾನು ನೀ ಮಾಡು" ಅಂದ್ರು. ರೊಕ್ಕ ಯಾರ ಕೈಯಾಗ ಅದನೋ ಅವರ ಮಾತು ನಡೀತದ ಅಂತ ನಮ್ಮ ಮನ್ಯಾಗ ಮದಲಿಂದ ಕೇಳ್ಕೋತ ಬಂದೀನಿ. ಅವತ್ತು ಅದು ನನ್ನ ಕೈಯಾಗಿತ್ತು. ಮಗನ ಫೋನು ಬಾಜೂಕ್ಕ ಇಟ್ಟು, ಹಳೇ ಹಾಲಿನ ಲೆಕ್ಕದ ವಹಿ ತೊಗೊಂಡು ಕೂತೆ.

ಮದಲನೇ ಮಾತು ಯಾವಾಗ ಹೋಗೂದು ಅಂತ. "ಮಳಿಗಾಲದಾಗ ಹೋಗ್ರಿ, ಹಸರು ಛಂದ ಕಾಣ್ತದ" ಅಂತ ಹೇಳಾವರು ಭಾಳ ಮಂದಿ ಸಿಗ್ತಾರ. ಛಂದೇನೋ ಹೌದು. ಆದ್ರ ಜೂನದಿಂದ ಸಪ್ಟಂಬರ ತನಕಾ ಆ ಸಮುದ್ರ ಹತ್ರ ಹೋಗೂ ಹಂಗ ಇರೂದಿಲ್ಲ, ಮ್ಯಾಲೆ ಗುಡ್ಡದ ಮಣ್ಣು. 2024ರ ಜುಲೈದಾಗ ಅಂಕೋಲಾ ಹತ್ರ ಶಿರೂರಿನ್ಯಾಗ ಹೈವೇ ಮ್ಯಾಲೆ ಗುಡ್ಡ ಕುಸದದ್ದು ನಾವೆಲ್ಲಾ ದಿನಾ ಟಿವಿ ಮುಂದ ಕೂತು ನೋಡೇವಿ. ಏಪ್ರಿಲ್ ಮೇ ಸೆಕಿ ಅಂತೂ ಕೇಳಬ್ಯಾಡ್ರಿ, ಮೈ ಒಣಗಿದ್ದೇ ಗೊತ್ತಾಗೂದಿಲ್ಲ. ನವಂಬರದಿಂದ ಫೆಬ್ರುವರಿ ಛಲೋ. ಕ್ರಿಸ್‌ಮಸ್ಸು, ಹೊಸ ವರ್ಷ, ಶಿವರಾತ್ರಿ ಬಿಟ್ಟು ನೋಡ್ರಿ. ಶಿವರಾತ್ರಿಗೆ ಗೋಕರ್ಣದಾಗ ತೇರು ಇರ್ತದ, ದೇವರಿಗೆ ಛಲೋ, ಮೊಣಕಾಲಿಗಲ್ಲ. ನಾವು ಸಂಕ್ರಮಣ ಆದ ಮರುವಾರ, ಶನಿವಾರ ರವಿವಾರ ಬಿಟ್ಟು, ಮಂಗಳವಾರದಿಂದ ಗುರುವಾರ ಅಂತ ಮಾಡಿದ್ವಿ. ಮಗಾ ರಜಾ ಸಿಗೂದಿಲ್ಲ ಅಂದಾ. ಅಜ್ಜಿ ಕರೀಲಿಕತ್ತಾಳಂತ ಹೇಳು ಅಂದೆ. ಸಿಕ್ತು.

ಎರಡನೇದು, ಎಷ್ಟು ಊರು. ನಾ ಒಂದೇ ಊರು ಇಟ್ಟೆ. ಎರಡೂ ರಾತ್ರಿ ಗೋಕರ್ಣ, ಒಂದೇ ಖೋಲಿ, ಒಂದೇ ಸಲ ಬ್ಯಾಗ ಬಿಚ್ಚೂದು, ಒಂದೇ ಸಲ ತುಂಬೂದು. ಬ್ಯಾಗ ತುಂಬೂದು ಯಾರ ಕೆಲಸ ಅಂತ ನಿಮಗೇನ ಹೇಳಬೇಕಿಲ್ಲ. ಮಗನ ಲೆಕ್ಕದಾಗ ಊರು ಬದಲಿ ಮಾಡೂದಂದ್ರ ಗಾಡಿ ಸ್ಟಾರ್ಟ್ ಮಾಡೂದು, ನಮ್ಮ ಲೆಕ್ಕದಾಗ ಹಸೀ ಟವೆಲ್ಲು, ಅತ್ತಿಯವರ ಗುಳಿಗಿ ಡಬ್ಬಿ, ಮಮ್ಮಗನ ಹಾಲಿನ ಫ್ಲಾಸ್ಕು, ಹಾಸಿಗಿ ಕೆಳಗ ಉಳದ ಒಂದು ಕಾಲುಚೀಲ. ಕಾರವಾರ ಗೋಕರ್ಣದಿಂದ ಉತ್ತರಕ್ಕ ಸುಮಾರು 60 ಕಿಲೋಮೀಟರು, ಮುರ್ಡೇಶ್ವರ ದಕ್ಷಿಣಕ್ಕ 75ರ ಮ್ಯಾಲೆ. ಎರಡೂ ಒಂದೇ ಸಲ ಆಗೂದಿಲ್ಲ. ಯಾಣಕ್ಕ ಮೆಟ್ಟಲಾ ಹತ್ತಬೇಕು, ಜೋಗದಾಗ ಜನವರಿಗೆ ನೀರು ಸಣ್ಣ ಆಗಿರ್ತದ. ಎಲ್ಲಾದಕ್ಕೂ ಅಡ್ಡ ಗೆರಿ ಎಳದೆ.

ಕಾರವಾರಕ್ಕ ಗೆರಿ ಎಳಿಯೂ ಮುಂದ ಮಾತ್ರ ಸ್ವಲ್ಪ ಕೈ ತಡೀತು. ರವೀಂದ್ರನಾಥ ಟಾಗೋರರು ಇಪ್ಪತ್ತರ ಆಸುಪಾಸು ಇದ್ದಾಗ ಅಲ್ಲೆ ಬಂದು ಇದ್ರು, ಈಗ ಆ ಬೀಚಿಗೆ ಅವರದೇ ಹೆಸರು. ಅವರ ಅಣ್ಣ ಸತ್ಯೇಂದ್ರನಾಥ ಅಲ್ಲೆ ಜಡ್ಜ್ ಇದ್ರು. ಈ ಸತ್ಯೇಂದ್ರನಾಥರ ಹೆಂಡತಿ ಜ್ಞಾನದಾನಂದಿನಿ ದೇವಿನ ಬಂಗಾಲದಾಗ ನಿರಿಗಿ ಹಿಡದು, ಎಡ ಭುಜದ ಮ್ಯಾಲೆ ಸೆರಗು ಹಾಕಿ ಸೀರಿ ಉಡೂದನ್ನ ರೂಢಿ ಮಾಡಿದಾಕಿ. ಟಾಗೋರರ ಬೀಚು ನೋಡೂದು ಮುಂದಿನ ಸಲ.

ಇನ್ನ ಖೋಲಿ. ಇದನ್ನ ನೀವು ಲಕ್ಷ ಕೊಟ್ಟು ಓದ್ರಿ. ಫೋಟೋ ನೋಡಿ ಖೋಲಿ ಹಿಡೀಬ್ಯಾಡ್ರಿ. ಫೋಟೋದಾಗ ಬರೇ ಹಾಸಿಗಿ, ಅದರ ಮ್ಯಾಲೆ ಟವೆಲ್ಲಿನ ಹಂಸ. ನಾ ಏಳು ಕಡೆ ಫೋನ್ ಮಾಡಿ ಕೇಳಿದ್ದು ಇಷ್ಟ: ಗಾಡಿ ನಿಂತಲ್ಲಿಂದ ಹಾಸಿಗಿ ತನಕಾ ಎಷ್ಟು ಮೆಟ್ಟಲಾ? ಕುರ್ಚಿ ಹಂಗ ಕೂಡೂ ಸಂಡಾಸ ಅದನೋ? ಬಚ್ಚಲ ಹಾಸು ಜಾರ್ತದೋ? ರಾತ್ರಿ ಬಿಸಿನೀರು ಬರ್ತಾವೋ? ಮೆಟ್ಟಲಾ ಕೇಳಿದ್ರ ಎಲ್ಲಾರದೂ ಒಂದೇ ಉತ್ತರ, "ಜಾಸ್ತಿ ಇಲ್ಲಾ ಅಮ್ಮಾ, ಒಂದ ನಾಲ್ಕು ಅಷ್ಟೇ." ಒಂದು ಕಡೆ ನನಗ ಸಂಶಯ ಬಂದು, ವಿಡಿಯೋ ಕಾಲ್ ಮಾಡಿ ಹಂಗ ನಡಕೋತ ತೋರಸಪಾ ಅಂದೆ. ಆ ಹುಡುಗಾ ಪಾಪ ಫೋನು ಹಿಡದು ನಡದಾ, ನಾ ಇಲ್ಲೆ ಕೂತು ಎಣಿಸಿದೆ. ಇಪ್ಪತ್ತೆರಡು! ಅವರ ನಾಲ್ಕು ನಮ್ಮ ಇಪ್ಪತ್ತೆರಡು. ಕಡೀಕೆ ಊರಾಗಿನ ದೊಡ್ಡ ಬೀಚಿನ ಕಡೆ, ಗುಡಿಗೂ ಸನೇ ಇರೂ ಒಂದು ಸಾದಾ ಮನಿ ಸಿಕ್ತು, ನೆಲದ ಮ್ಯಾಲಿನ ಖೋಲಿ, ಒಂದೇ ಹೊಸ್ತಲಾ. ಓಂ ಬೀಚು, ಕುಡ್ಲೆ ಬೀಚು ನೋಡ್ಲಿಕ್ಕೆ ಭಾರೀ ಛಂದ, ಆದ್ರ ಅಲ್ಲೆ ಇಳೂದು ಹತ್ತೂದು ಅದ. ವಯಸ್ಸಾದವರಿಗೆ ಊರ ಬೀಚ ಛಲೋ, ಸಪಾಟು, ಮ್ಯಾಲೆ ಗುಡಿಯಿಂದ ನಾಲ್ಕ ಹೆಜ್ಜಿ. (ಇದು ಆ ಹುಡುಗನ ನಾಲ್ಕು ಅಲ್ಲ ಮತ್ತ.)

ನಮ್ಮನಿಯವರು ಒಂದು ಸೂಚನಾ ಕೊಟ್ರು. ಅಡಗಿ ಮನಿ ಇದ್ದ ಖೋಲಿ ಸಿಗ್ತಾವಂತ, ನಾವ ಮಾಡಿಕೊಂಡ್ರ ಹೊರಗಿಂದು ತಿನ್ನೂದು ತಪ್ತದ, ರೊಕ್ಕನೂ ಉಳೀತದ ಅಂತ. ನಾನೂ ಸೊಸೀನೂ ಒಬ್ಬರ ಮುಖಾ ಒಬ್ಬರು ನೋಡಿದ್ವಿ. ಏನೂ ಅನ್ನಲಿಲ್ಲ. ವಹಿಯೊಳಗ "ಅಡಗಿ ಮನಿ ಇರಬಾರದು" ಅಂತ ಕೆಂಪು ಪೆನ್ನಿಲೆ ಬರದು ಅವರ ಮುಂದ ಇಟ್ಟೆ.

ಬುತ್ತಿ ಮಾತ್ರ ಒಂದ ಹೊತ್ತಿಂದು ಕಟ್ಟಿದ್ವಿ. ಚಪಾತಿ, ಬಟಾಟಿ ಪಲ್ಯ, ಶೇಂಗಾ ಚಟ್ನಿಪುಡಿ, ಮೊಸರನ್ನ. ಉಳದದ್ದು ಅಲ್ಲೇ. ಕರಾವಳಿ ಅಂದ್ರ ಬರೇ ಮೀನ ಅಂತ ಹೆದರಬ್ಯಾಡ್ರಿ, ಗೋಕರ್ಣದಾಗ ಸಸ್ಯಾಹಾರಿ ಖಾನಾವಳಿ ಬೇಕಾದಷ್ಟು ಅವ, ಗುಡಿಯೊಳಗ ಮಧ್ಯಾಹ್ನ ಪ್ರಸಾದದ ಊಟನೂ ಇರ್ತದ. ನೀರದೋಸಿ, ತಂಬುಳಿ, ಬನ್ಸು, ಮುರುಗಲಾ ಹಣ್ಣಿನ ಪಾನಕ ಎಲ್ಲಾ ಸಿಗ್ತಾವ. ತೆಂಗಿನ ಎಣ್ಣಿ ವಾಸನಿ ನಮ್ಮ ಮೂಗಿಗೆ ಒಂದು ದಿವಸ ಹತ್ತೂದಿಲ್ಲ, ಎರಡನೇ ದಿವಸ ಗೊತ್ತಾಗೂದಿಲ್ಲ.

ದಾರಿ ವಿಚಾರ. ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಆಮ್ಯಾಲೆ ಅರಬೈಲ ಘಟ್ಟ ಇಳದು ಅಂಕೋಲಾ, ಅಲ್ಲಿಂದ ಎಡಕ್ಕ ಹೊಳ್ಳಿ ಗೋಕರ್ಣ. ಹುಬ್ಬಳ್ಳಿ–ಅಂಕೋಲಾ ರೈಲು ಬರ್ತದ ಬರ್ತದ ಅಂತ ನನ್ನ ಲಗ್ನ ಆದ ಹೊಸದಾಗಿಂದ ಕೇಳ್ಕೋತ ಬಂದೀನಿ, ನನ್ನ ಮಗನ ಲಗ್ನ ಆತು, ರೈಲು ಬರಲಿಲ್ಲ. ಗಟ್ಟಿ ಕಾಲು ಇದ್ದವರು ಸರಕಾರಿ ಬಸ್ಸಿಗೆ ಹೋಗ್ರಿ. ಶಕ್ತಿ ಯೋಜನಾದಾಗ ಸಾದಾ ಬಸ್ಸಿಗೂ ಎಕ್ಸ್‌ಪ್ರೆಸ್ಸಿಗೂ ನಮಗ ಟಿಕೇಟಿಲ್ಲ, ಆಧಾರ್ ಕಾರ್ಡು ತೋರಿಸಿದ್ರ ಆತು. ನಾಲ್ಕ ಮಂದಿ ಗೆಳತ್ಯಾರು ಕೂಡಿ ಹೋದ್ರ ಖರ್ಚು ಬರೇ ಊಟ, ಖೋಲಿದು. ನಾವು ಆರು ಮಂದಿ, ಅದಕ್ಕ ಡ್ರೈವರ್ ಸಹಿತ ಗಾಡಿ ಮಾಡಿದ್ವಿ. ನಡುವಿನ ಸೀಟು, ಬಾಗಲದ ಬಾಜು ಅತ್ತಿಯವರಿಗೆ. ಕಾಲು ಮಡಚಿ ಇಟ್ಟರ ಅವರ ಮೊಣಕಾಲು ಹಿಡೀತದ, ಅದಕ್ಕ ಮುಂದ ಒಂದು ಅಕ್ಕಿ ಡಬ್ಬಿ ಬೋರಲಾ ಹಾಕಿ, ಮ್ಯಾಲೆ ದಿಂಬಿಟ್ಟು ಕಾಲು ಚಾಚೂ ಹಂಗ ಮಾಡಿದೆ. ಒಂದೂವರಿ ತಾಸಿಗೊಮ್ಮೆ ನಿಲ್ಲಿಸಿ ಹತ್ತು ಹೆಜ್ಜಿ ನಡಸೂದು ಅಂತ ಡ್ರೈವರಗ ಮದಲ ಹೇಳಿದ್ದೆ. ಘಟ್ಟದಾಗ ವಾಂತಿ ಬರಾವರು ಹೊಟ್ಟಿ ಖಾಲಿ ಇಟ್ಟಕೋಬ್ಯಾಡ್ರಿ, ತುಂಬಾನೂ ತಿನಬ್ಯಾಡ್ರಿ, ಬಾಯಾಗ ಅಲ್ಲದ ಚೂರು ಇಟ್ಟಕೊಂಡು ದೂರ ನೋಡ್ರಿ, ಫೋನು ನೋಡಬ್ಯಾಡ್ರಿ. ನಮ್ಮ ಗಾಡ್ಯಾಗ ವಾಂತಿ ಮಾಡಿಕೊಂಡವನು ಫೋನು ನೋಡಿಕೋತ ಕೂತ ನನ್ನ ಮಗಾ ಒಬ್ಬನ.

ಈಗ ಖರೇ ಸಮುದ್ರದ ವಿಚಾರಕ್ಕ ಬರ್ತೀನಿ. ಅತ್ತಿಯವರು ಕೋಲು ಹಿಡದು ಉಸುಕಿನ್ಯಾಗ ಹೆಂಗ ನಡೀಬೇಕು? ಇದ ನನಗ ನಾಲ್ಕು ದಿವಸ ನಿದ್ದಿ ಕೆಡಿಸಿದ್ದು. ಒಣಾ ಉಸುಕಿನ್ಯಾಗ ಕೋಲು ಹುಗೀತದ, ಕಾಲು ಹುಗೀತದ. ನೀರಿನ ಹತ್ರ ಹಸೀ ಉಸುಕು ಇರ್ತದೆಲ್ಲ, ಅದು ಗಚ್ಚಿನ ನೆಲ ಇದ್ದಂಗ ಬಿರಸು. ಆ ಬಿರಸು ಉಸುಕು ಅಗಲ ಸಿಗೂದು ಇಳಿತದ ಹೊತ್ತಿಗೆ. ಸಮುದ್ರದ ನೀರು ದಿವಸಕ್ಕ ಎರಡು ಸಲ ಏರ್ತದ, ಎರಡು ಸಲ ಇಳೀತದ, ಆರು ತಾಸಿನ ಮ್ಯಾಲೆ ಸ್ವಲ್ಪ ಒಂದೊಂದಕ್ಕ. ಮತ್ತ ದಿನಾ ಸುಮಾರು 50 ಮಿನಿಟು ಮುಂದ ಮುಂದ ಹೋಗ್ತದ, ಚಂದ್ರ ತಡಾ ಮಾಡಿ ಹುಟ್ಟಿಧಂಗ. ಅದಕ್ಕ ಪಂಚಾಂಗ ಸಾಕು. ಅಮಾಸಿ ಹುಣ್ಣಿವಿಗೆ ಏರೂದೂ ಜಾಸ್ತಿ, ಇಳಿಯೂದೂ ಜಾಸ್ತಿ. ಅಷ್ಟಮಿ ಸುಮಾರಿಗೆ ಎರಡೂ ಕಡಿಮಿ, ಎಳೆತ ಕಡಿಮಿ. ನಾವು ಹಿಡದದ್ದು ಹುಣ್ಣಿವಿ ಆಗಿ ಎಂಟನೇ ದಿವಸ, ಅಷ್ಟಮಿ. ಖೋಲಿ ಮನಿಯಾಕಿಗೆ ಹಿಂದಿನ ದಿವಸ ಫೋನ್ ಮಾಡಿ "ಇಳಿತ ಎಷ್ಟಕ್ಕ ಅದವಾ?" ಅಂದ್ರ, ಅಕಿ ಅಡಗಿ ಮಾಡಿಕೋತನ "ಬೆಳಗ್ಗೆ ಹತ್ತರ ಮೇಲೆ ಬನ್ನಿ" ಅಂದ್ಲು. ನಾವು ಹಾಲಿನಾವನ ಹೊತ್ತು ಹೇಳೂ ಹಂಗ!

ಇನ್ನ ಕೂಡಲಿಕ್ಕೆ ಕುರ್ಚಿ. ಪ್ಲ್ಯಾಸ್ಟಿಕ್ ಕುರ್ಚಿ ಹಸೀ ಉಸುಕಿನ ಮ್ಯಾಲೆ ಇಟ್ಟರ, ತೆರಿ ಬಂದು ಹೋದಂಗ ಕಾಲಿನ ಕೆಳಗಿನ ಉಸುಕು ತೊಳಕೊಂಡು ಹೋಗಿ ಕುರ್ಚಿ ವಾಲ್ತದ. ಅದಕ್ಕ ಊಟಕ್ಕ ಹಾಕೂ ಎರಡು ಅಗಲ ಮಣಿ ತೊಗೊಂಡ್ವಿ. ಮುಂದಿನ ಕಾಲಿಗೊಂದು, ಹಿಂದಿನ ಕಾಲಿಗೊಂದು. ಮಗಾ ಮದಲ ನಕ್ಕಾ, "ಆಯಿ, ಬೀಚಿಗೆ ಮಣಿ ಒಯ್ಯೂ ಮಂದಿ ನಾವ ಮದಲಿರಬೇಕು" ಅಂತ. ಇರ್ಲಿ ಬಿಡಪಾ.

ನೀರಿಗೆ ಇಳಿಯೂ ವಿಚಾರದಾಗ ನಾ ಯಾರ ಮಾತೂ ಕೇಳಂಗಿಲ್ಲ. 2024ರ ಡಿಸಂಬರದಾಗ ಮುರ್ಡೇಶ್ವರದಾಗ ಶಾಲಿ ಪ್ರವಾಸಕ್ಕ ಬಂದ ನಾಲ್ಕು ಹುಡುಗ್ಯಾರು ಮುಳುಗಿ ಹೋದ್ರು. ನಾವು ಹೊರಡೂ ಒಂದೂವರಿ ತಿಂಗಳ ಮದಲ ಆದದ್ದು. ನಮ್ಮ ಬಯಲಸೀಮಿ ಮಂದಿಗೆ ಕೆರಿ, ಹೊಳಿ ಗೊತ್ತು. ಸಮುದ್ರದ ನೀರು ಮುಂದ ತಳ್ಳೂದು ಕಾಣ್ತದ, ಹಿಂದ ಎಳಿಯೂದು ಕಾಣಂಗಿಲ್ಲ. ತೆರಿ ಇಲ್ಲದೇ ಸಪ್ಪಗ ಕಾಣೂ ಜಾಗಾ ಇದ್ರ ಅಲ್ಲೇ ಎಳೆತ ಇರೂದು ಬರೋಬ್ಬರಿ ಅಂತ ಜೀವರಕ್ಷಕರು ಹೇಳ್ತಾರ. ನಾ ಮನ್ಯಾಗೇ ಕಾಯಿದೆ ಹಾಕಿದ್ದೆ: ಮೊಣಕಾಲ ಮ್ಯಾಲೆ ನೀರು ಬರಬಾರದು, ಮಮ್ಮಗನ ಕೈ ಬಿಡಬಾರದು, ಸೂರ್ಯಾ ಮುಳುಗಿದ ಮ್ಯಾಲೆ ನೀರಿನ ಕಡೆ ಬೆನ್ನು. ಜೀವರಕ್ಷಕ ಸೀಟಿ ಊದಿದ್ರ ಯಾಕ ಅಂತ ಕೇಳದೇ ಬರೂದು.

ಗುಡಿಗೆ ಹೋಗಾವರಿಗೆ ಒಂದು ಮಾತು. ಗಂಡಸರು ಅಂಗಿ ತಗದು, ಧೋತ್ರಾ ಉಟ್ಟು ಹೋಗಬೇಕು. ಮನಿಯಿಂದಾ ತೊಗೊಂಡು ಹೋಗ್ರಿ. ಮದಲ ಮಹಾಗಣಪತಿ, ಆಮ್ಯಾಲೆ ಮಹಾಬಲೇಶ್ವರ. ರಾವಣನ ಕೈಯಾಗಿನ ಆತ್ಮಲಿಂಗ ಇಸಗೊಂಡು ನೆಲಕ್ಕ ಇಟ್ಟ ಗಣಪತಿ ಅವನ. ಸಿಟ್ಟಿಗೆದ್ದು ರಾವಣ ತಲಿಗೆ ಹೊಡದದ್ದು ಅಂತ ಇವತ್ತಿಗೂ ಅವನ ತಲಿ ಮ್ಯಾಲೆ ತಗ್ಗು ತೋರಸ್ತಾರ. ನಮ್ಮ ಮಮ್ಮಗಾ ಅದನ್ನ ನೋಡಿ "ಗಣಪತಿಗೆ ಬಾಮ್ ಹಚ್ಚ್ಯಾರೇನು?" ಅಂತ ಕೇಳಿದಾ.

ಮನಿ ಬಿಟ್ಟು ಹೋಗೂ ತಯಾರಿ ಬಗ್ಗೆ ಬರೀಲಿಕ್ಕೆ ಕೂತ್ರ ಇನ್ನೊಂದು ಲೇಖನ ಆಗ್ತದ. ಹೆಪ್ಪು ಬಾಜೂ ಮನ್ಯಾಗ ಕೊಟ್ಟೆ, ತುಳಸಿಗೆ ನೀರು ಹಾಕೂದು ಅವರದ, ಹಾಲು ಬಂದ್, ಗ್ಯಾಸು ಬಂದ್. ಅತ್ತಿಯವರ ಡಾಕ್ಟರರ ಚೀಟಿ ಫೋಟೋ ಹೊಡದು ಮೂರು ಫೋನಿನ್ಯಾಗ ಇಟ್ಟೆ, ಗುಳಿಗಿ ಎರಡು ದಿವಸದ್ದು ಜಾಸ್ತಿ ಕಟ್ಟಿದೆ.

ವೈನಿ ಕೇಳಿದ ಖರ್ಚಿನ ಲೆಕ್ಕ: ಅತ್ತಿಯವರ 20,000ದಾಗ ಗಾಡಿ, ಖೋಲಿ, ಊಟ ಎಲ್ಲಾ ಮುಗದು ಸಾವಿರ ಚಿಲ್ಲರ ಉಳೀತು. ಒಂಬತ್ತು ಜಾಗಾ ನೋಡಿದ್ರ ಡಬ್ಬಲ್ ಆಗ್ತಿತ್ತು ಅಂತ ನಮ್ಮನಿಯವರ ಒಪ್ಪಿಕೊಂಡ್ರು.

ನಡುವಿನ ದಿವಸ, ಬುಧವಾರ, ಬರೇ ಅತ್ತಿಯವರದು. ಅವತ್ತಿನ ಹಾಳಿಯೊಳಗ ನಾ ಬರದದ್ದು "ಮುಂಜಾನೆ ಸಮುದ್ರ" ಅಂತ ಒಂದೇ ಸಾಲು, ಕೆಳಗ ಖಾಲಿ. ನಾಷ್ಟಾ ಮುಗಿಸಿ ಹತ್ತೂವರಿಗೆ ಹೊಂಟ್ವಿ. ಒಣಾ ಉಸುಕು ಇದ್ದಷ್ಟು ದೂರ ಮಗಾ, ಡ್ರೈವರ ಎರಡೂ ಕಡೆ ರಟ್ಟಿ ಹಿಡದ್ರು. ಹಸೀ ಉಸುಕು ಬಂದ ಮ್ಯಾಲೆ ಅವರು ಇಬ್ಬರ ಕೈನೂ ಬಿಡಿಸಿಕೊಂಡು ಕೋಲಿನ ಮ್ಯಾಲೆ ತಾವ ನಡದ್ರು. ಮಣಿ ಹಾಕಿ ಕುರ್ಚಿ ಇಟ್ಟ್ವಿ. ಸೊಸಿ ಛತ್ರಿ ಹಿಡದ್ಲು. ತೆರಿ ಬಂದು ಅವರ ಪಾದಕ್ಕ ಹತ್ತಿ ಹೋತು. ಭಾಳ ಹೊತ್ತು ಸುಮ್ನ ಕೂತ್ರು. ಆಮ್ಯಾಲೆ ಅಂದ್ರು, "ಇಷ್ಟು ಸಪ್ಪಳಾ ಮಾಡ್ತದಂತ ಯಾರೂ ಹೇಳಿದ್ದಿಲ್ಲಲ್ಲ."

ಖರೇ. ಮೂವತ್ತು ವರ್ಷ ಎಲ್ಲಾರೂ ಅವರಿಗೆ ಸಮುದ್ರ ಎಷ್ಟು ದೊಡ್ಡದು ಅಂತ ಹೇಳಿದ್ರು, ಸಪ್ಪಳದ್ದು ಯಾರೂ ಹೇಳಿದ್ದಿಲ್ಲ.

ಸೆರಗಿನ ತುದ್ಯಾಗ ಏನೋ ಗಂಟು ಕಟ್ಟಿಕೊಂಡು ಬಂದಿದ್ರು. ಬಿಚ್ಚಿದ್ರ ಕುಸರೆಳ್ಳು, ಸಂಕ್ರಮಣದ್ದು. ಬೊಗಸ್ಯಾಗ ಹಿಡಕೊಂಡು, ಮುಂದ ಬಾಗಿ, ತೆರಿ ಬಂದಾಗ ಅದರಾಗ ಬಿಟ್ರು. ಮಂತ್ರ ಇಲ್ಲ, ಏನಿಲ್ಲ. ನಮ್ಮನಿಯವರು ಏನೋ ಕೇಳ್ಳಿಕ್ಕೆ ಹೋದ್ರು, ನಾ ಅವರ ಅಂಗಿ ಜಗ್ಗಿ ಸುಮ್ನ ಕೂಡಿಸಿದೆ. ಮಾವನವರಿಗೆ ಕುಸರೆಳ್ಳು ಅಂದ್ರ ಭಾಳ ಸೇರ್ತಿದ್ದವು. ಸಂಕ್ರಮಣದ ಹಿಂದಿನ ದಿವಸಾನ ಡಬ್ಬಿ ಖಾಲಿ ಮಾಡ್ತಿದ್ರಂತ.

ಅರ್ಧಾ ತಾಸು ಕೂತ್ರ ಭಾಳ ಆತು ಅಂತ ಅನಕೊಂಡಿದ್ದೆ, ಒಂದೂವರಿ ತಾಸು ಎದ್ದೇಳಲಿಲ್ಲ. ಸೊಸಿ ಕೈ ನೋವಾಗಿ ಛತ್ರಿ ನನಗ ಕೊಟ್ಲು, ನಾ ಮಗಗ ಕೊಟ್ಟೆ. ಇಳಿತ ಮುಗದು ನೀರು ತಿರಗಿ ಮ್ಯಾಲೆ ಬರ್ಲಿಕತ್ತಿತು, ಎರಡನೇ ಮಣಿನೂ ತೇಲೂ ಹಂಗ ಆತು, ಆಗ ಎದ್ರು. ಮಧ್ಯಾಹ್ನ ಎಲ್ಲಾರೂ ಖೋಲ್ಯಾಗ ಬಾಗಲಾ ಹಾಕ್ಕೊಂಡು ಎರಡು ತಾಸು ಮಲಗಿದ್ವಿ. ನಾನೂ ಮಲಗಿದೆ. ಎದ್ದಾಗ ಸಂಜಿ ನಾಕೂವರಿ, ಚಾ ಯಾರೋ ತಂದು ಕೊಟ್ರು. ನಾ ಕೈ ಹಚ್ಚದೇ ಬಂದ ಚಾ ಮಂಚದ ಮ್ಯಾಲೆ ಕೂತು ಕುಡದದ್ದು ಯಾವಾಗ ಅಂತ ನೆನಪ ಮಾಡಿಕೊಂಡೆ, ಬಾಣಂತನದಾಗ ಇರಬೇಕು.

ಗುರುವಾರ ತಿರಗಿ ಬರೂ ಮುಂದ ಘಟ್ಟ ಹತ್ತಿದ ಮ್ಯಾಲೆ ಅತ್ತಿಯವರು ಮಗನ್ನ ಕೇಳಿದ್ರು, "ಮುರ್ಡೇಶ್ವರದ ಆ ಇಪ್ಪತ್ತು ಅಂತಸ್ತಿನ ಗೋಪುರಕ್ಕ ಲಿಫ್ಟ್ ಅದಂತ, ಖರೇನೋ?" ಖರೆ ಅಜ್ಜಿ, ಮ್ಯಾಲಿಂದ ಸಮುದ್ರ ಪೂರ್ತಿ ಕಾಣ್ತದ ಅಂದಾ ಅವಾ. ಈಗ ಮತ್ತ ಕಂತು ಕೂಡಸಲಿಕತ್ತಾರ. ಮನ್ನೆ ಬಂದ ಎರಡು ಸಾವಿರ ಟ್ರಂಕಿಗೆ ಹೋತು. ಹಾಲಿನ ಲೆಕ್ಕದ ವಹಿ ನನ್ನ ಹತ್ರನ ಅದ, ಮಣಿ ಉಪ್ಪು ನೀರು ಕುಡದು ಸ್ವಲ್ಪ ಸೊಟ್ಟ ಆಗ್ಯಾವ, ಆದ್ರ ಇನ್ನೊಂದು ಸಲಕ್ಕ ನಡೀತಾವ.